ಒಣಗಿದ್ದನ್ನು ಒಡೆಯದೆ ಬಿಚ್ಚುವ ಕೆಲಸ

(ಪೆದ್ದೆಮುಲ್‌ನಲ್ಲಿ ಕೆಲಸ ಕಲಿಯುತ್ತಿರುವ ಯುವಕರ ಕೂಟದಲ್ಲಿ ಹಿರಿಯ ಮೆಕ್ಯಾನಿಕರೊಬ್ಬರು ಆಡಿದ ಮಾತು. ತೋಟಗಳಲ್ಲಿರುವ ನಮ್ಮ ವಾಚಕರಿಗೂ, ವಿಶೇಷವಾಗಿ ಅವರ ಮಕ್ಕಳಿಗೂ ಉಪಯೋಗವಾದೀತೆಂದು ಇಲ್ಲಿ ಅಚ್ಚು ಮಾಡಿದ್ದೇವೆ.)



ನಾನು ಭಾಷಣ ಮಾಡುವವನಲ್ಲ. ನಲವತ್ತು ವರ್ಷ ಕಾರಿನ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ನಿಂತು ಮಾತಾಡುವ ಅಭ್ಯಾಸ ಕಡಿಮೆ. ಆದರೂ ನೀವು ಕರೆದಿದ್ದೀರಿ, ಈ ಬೇವಿನ ಮರದ ಕೆಳಗೆ ಒಂದು ಕಾರನ್ನೂ ತಂದು ನಿಲ್ಲಿಸಿದ್ದೀರಿ. ಕಾರು ಎದುರಿಗಿದ್ದರೆ ನನಗೆ ಮಾತಾಡಲು ಧೈರ್ಯ ಬರುತ್ತದೆ. ಆದಕಾರಣ ಅದನ್ನೇ ತೋರಿಸುತ್ತಾ ನಾಲ್ಕು ಮಾತು ಹೇಳುತ್ತೇನೆ.

ನಾನು ಹುಟ್ಟಿದ್ದು ಇಲ್ಲಿಯೇ. ನಮ್ಮ ಅಜ್ಜ ಕಂದಾಯ ಕಟ್ಟಿದ್ದು ಗುಲಬರ್ಗಾ ಜಿಲ್ಲೆಗೆ. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಗುಲಬರ್ಗಾ ಜಿಲ್ಲೆ ಮೈಸೂರಿಗೆ ಹೋಯಿತು, ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಮಾತ್ರ ಈ ಕಡೆಗೆ ಉಳಿದವು. ಗೆರೆ ಆಚೆ ಹೋಯಿತು, ಮನೆಯೊಳಗಿನ ಕನ್ನಡ ಹೋಗಲಿಲ್ಲ. ನನ್ನ ತಂದೆ ತಾಂಡೂರಿನ ಕಲ್ಲಿನ ಗಣಿಯಲ್ಲಿ ಬಂಡೆ ಎತ್ತುತ್ತಿದ್ದರು. ಬೆನ್ನು ಸೋತ ಮೇಲೆ ಸಂಸಾರ ಕಟ್ಟಿಕೊಂಡು ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಹೋದರು. ಹೀಗಾಗಿ ನನಗೆ ಕಲ್ಲೂ ಗೊತ್ತು, ಕಾಫಿಯೂ ಗೊತ್ತು. ಈ ಎರಡೂ ಇಂದಿನ ಮಾತಿಗೆ ಬೇಕಾಗುತ್ತವೆ.

ಈಗ ಈ ಕಾರಿನ ಸಂಗತಿ. ಇದು ಅಂಬಾಸಿಡರ್. ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸಿನವರು 1957ರಿಂದ 2014ರವರೆಗೆ ಇದನ್ನು ಮಾಡಿದರು. ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರಿನದು. ನಿಮ್ಮೆದುರಿಗಿರುವುದು 1990ರ ದಶಕದ್ದು. ಇದು ಮೊದಲು ಒಂದು ಕಾಫಿ ತೋಟದ ಕಾರಾಗಿತ್ತು. ದೊರೆಗಳು ಹೊಸದನ್ನು ತಕ್ಕೊಂಡಾಗ ಇದನ್ನು ಅಲ್ಲಿಯ ಡ್ರೈವರನಿಗೆ ಕಡಿಮೆ ಬೆಲೆಗೆ ಕೊಟ್ಟರು. ಆ ಡ್ರೈವರು ನಮ್ಮ ಈ ಊರಿನವರೇ. ಕೆಲಸ ಬಿಟ್ಟು ಬರುವಾಗ ಇದನ್ನೇ ಓಡಿಸಿಕೊಂಡು ಬಂದರು. ಅವರು ಈಗಿಲ್ಲ. ಕಾರು ಒಂಬತ್ತು ಬೇಸಗೆ ಬಯಲಲ್ಲಿ ನಿಂತಿತು. ಅವರ ಮನೆಯವರು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ತೋಟದಲ್ಲಿ ಇದು ಬರಿಯ ದೊರೆಗಳ ಕಾರಾಗಿರಲಿಲ್ಲ. ರಾತ್ರಿ ಹೊತ್ತು ಲೈನಿನಲ್ಲಿ ಯಾವ ಹೆಣ್ಣುಮಗಳಿಗೆ ನೋವು ಬಂದರೂ ಇದೇ ಕಾರು ಆಸ್ಪತ್ರೆಗೆ ಹೋಗಬೇಕಾಗಿತ್ತು. ಮಳೆಗಾಲದ ಆ ಘಾಟಿ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಮಲಗಿದವರು ಈ ಬಾಗಿಲ ಕೈದಿಂಬನ್ನು ಹಿಡಿದುಕೊಂಡು ಹೋಗಿದ್ದಾರೆ. ನನ್ನ ತಂಗಿಯೂ ಹಿಡಿದಿದ್ದಾಳೆ. ಈಗ ಬಾಗಿಲಿನ ತಳ ತುಕ್ಕು ತಿಂದಿದೆ, ಕಿಟಕಿ ಇಳಿಯುವುದಿಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ತಂತಿಗಳನ್ನು ಇಲಿ ಕಡಿದಿದೆ. ಇವನ್ನೆಲ್ಲ ಸರಿಪಡಿಸಬೇಕಾದರೆ ಮೊದಲು ಒಳಗಿನ ಹೊದಿಕೆಗಳನ್ನು ಬಿಚ್ಚಬೇಕು. ತುಕ್ಕಿಗೆ ಬೆಸುಗೆ ಉಂಟು, ತಂತಿಗೆ ಹೊಸ ತಂತಿ ಉಂಟು. ಒಡೆದ ಹೊದಿಕೆಗೆ ಮಾತ್ರ ಬದಲಿ ಇಲ್ಲ. ಕಾರ್ಖಾನೆ ಮುಚ್ಚಿದೆ. ಗುಜರಿಯಲ್ಲಿ ಸಿಕ್ಕಿದರೂ ಅದೂ ಇದರಷ್ಟೇ ಒಣಗಿರುತ್ತದೆ.

ಇದನ್ನು ನಾನು ಪೆಟ್ಟು ತಿಂದು ಕಲಿತವನು. 1984ರಲ್ಲಿ ಮಲೆನಾಡಿನ ಒಂದು ಪೇಟೆಯಲ್ಲಿ ಗ್ಯಾರೇಜಿಗೆ ಹುಡುಗನಾಗಿ ಸೇರಿದ್ದೆ. ದಿನಕ್ಕೆ 6 ರೂಪಾಯಿ. ಒಂದು ದಿನ ಬೆಳಿಗ್ಗೆ, ಮಾರ್ಗಶಿರದ ಚಳಿಯಲ್ಲಿ, ಒಂದು ಹಳೆಯ ವಿದೇಶಿ ಕಾರಿನ ಒಳಹೊದಿಕೆ ತೆಗೆ ಎಂದರು. ಕೈಗೆ ಸಿಕ್ಕಿದ ಸ್ಕ್ರೂಡ್ರೈವರನ್ನು ಅಂಚಿಗೆ ತುರುಕಿ ಎಬ್ಬಿದೆ. ಟಕ್ ಎಂದು ಒಂದು ಸದ್ದು, ಅಷ್ಟೇ. ಅಂಗೈಯಗಲದ ತುಂಡು ನನ್ನ ಕೈಯಲ್ಲಿತ್ತು. ಆ ಹೊದಿಕೆಯ ಇನ್ನೊಂದು ತುದಿಯಲ್ಲಿ ಒಂದು ಸ್ಕ್ರೂ ಇತ್ತು. ನಾನು ನೋಡಿಯೇ ಇರಲಿಲ್ಲ. ಆದರೆ ಅದೇ ಹೊದಿಕೆಯಲ್ಲಿ ಮೊದಲೇ ಎರಡು ಬಿರುಕು ಇದ್ದವು. ಅವನ್ನೂ ನನ್ನ ಲೆಕ್ಕಕ್ಕೇ ಹಾಕಿದರು. ಎರಡು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು. ಒಡೆದದ್ದು ನನ್ನ ತಪ್ಪು, ಅಲ್ಲವೆನ್ನುವುದಿಲ್ಲ. ಹಳೆಯ ಬಿರುಕು ನನ್ನ ತಪ್ಪಲ್ಲ ಎಂದು ಹೇಳುವುದಕ್ಕೆ ಮಾತ್ರ ನನ್ನ ಬಳಿ ಏನೂ ಇರಲಿಲ್ಲ.

ಹಾಗಾದರೆ ಪ್ಲಾಸ್ಟಿಕ್ಕು ಯಾಕೆ ಹೀಗಾಗುತ್ತದೆ? ನಮ್ಮ ಮನೆಗಳ ಜೋಳದ ರೊಟ್ಟಿಯನ್ನು ನೆನೆಸಿಕೊಳ್ಳಿರಿ. ಹೆಂಚಿನಿಂದ ಈಗ ತೆಗೆದ ರೊಟ್ಟಿ ನಾಲ್ಕು ಮಡಿಕೆಯಾದರೂ ಹರಿಯುವುದಿಲ್ಲ. ಅದೇ ರೊಟ್ಟಿಯನ್ನು ಬಿಸಿಲಿಗಿಟ್ಟು ಖಡಕ್ ಮಾಡಿದ ಮೇಲೆ ಬಗ್ಗಿಸಿ ನೋಡಿ, ಎರಡು ತುಂಡು. ರೊಟ್ಟಿ ಅದೇ, ಒಳಗಿನ ತೇವ ಹೋಗಿದೆ. ಸೀಟಿನ ರೆಕ್ಸಿನ್ನಿಗೂ, ಬಾಗಿಲ ಮೇಲಿನ ಹೊದಿಕೆಗೂ ಹೀಗೆಯೇ. ಅದರ ಮೂಲವಸ್ತು ಪಿ.ವಿ.ಸಿ. ಅದು ಹುಟ್ಟುಗುಣದಲ್ಲಿ ಗಟ್ಟಿ. ನಮ್ಮ ನೀರಿನ ಪೈಪು ಕೂಡಾ ಅದೇ ಅಲ್ಲವೇ? ಅದನ್ನು ಬಟ್ಟೆಯಂತೆ ಮೆದು ಮಾಡಲು ಕಾರ್ಖಾನೆಯಲ್ಲಿ ಎಣ್ಣೆಯಂಥ ಒಂದು ಪದಾರ್ಥವನ್ನು ಬೆರೆಸುತ್ತಾರೆ. ವರ್ಷ ಹೋದ ಹಾಗೆ ಆ ಎಣ್ಣೆ ಮೆಲ್ಲನೆ ಹೊರಗೆ ಬಂದು ಆರಿಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಮುಂದಿನ ಗಾಜಿಗೆ ಒಳಬದಿಯಲ್ಲಿ ಜಿಡ್ಡಿನ ಮಸುಕು ಹಿಡಿಯುವುದನ್ನು ನೀವು ಒರಸಿದ್ದೀರಿ. ಆ ಮಸುಕಿನಲ್ಲಿ ಬಹುಪಾಲು ಇದೇ ಎಣ್ಣೆ.

ಡ್ಯಾಶ್‌ಬೋರ್ಡಿನಂಥ ಗಟ್ಟಿ ಭಾಗಗಳ ಕಥೆ ಬೇರೆ. ಅವು ಹೆಚ್ಚಾಗಿ ಎ.ಬಿ.ಎಸ್. ಎಂಬ ಜಾತಿಯವು. ಅದರೊಳಗೆ ರಬ್ಬರಿನಂಥ ಸಣ್ಣ ಸಣ್ಣ ಕಣಗಳಿರುತ್ತವೆ. ಪೆಟ್ಟು ಬಿದ್ದರೆ ತಡೆದುಕೊಳ್ಳುವುದು ಆ ಕಣಗಳೇ. ಬಿಸಿಲು ಮೊದಲು ಕೆಡಿಸುವುದೂ ಅವನ್ನೇ. ಅವು ಸತ್ತ ಮೇಲೆ ಉಳಿಯುವುದು ಗಾಜಿನಂಥ ವಸ್ತು. ಹೊರಗಿನಿಂದ ನೋಡಿದರೆ ಬಣ್ಣ ಸ್ವಲ್ಪ ಮಾಸಿರುತ್ತದೆ, ಬೇರೇನೂ ಗೊತ್ತಾಗುವುದಿಲ್ಲ.

ನಮ್ಮ ತಾಂಡೂರು ಸೀಮೆಯ ಬೇಸಗೆ ನಿಮಗೆ ಗೊತ್ತು. ನೆರಳಲ್ಲಿಯೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಗಾಳಿ ಅರ್ಧ ಗಂಟೆಯಲ್ಲಿ ಹೊರಗಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಕಾಯುತ್ತದೆ. ಗಾಜಿನ ಕೆಳಗೇ ಇರುವ ಡ್ಯಾಶ್‌ಬೋರ್ಡು ಅದಕ್ಕಿಂತಲೂ ಹೆಚ್ಚು. ಹೀಗೆ ಪ್ರತಿದಿನ ಕಾದು, ಪ್ರತಿರಾತ್ರಿ ತಣಿದು, ಒಂಬತ್ತು ಬೇಸಗೆ.

ಮಲೆನಾಡಿನ ತೋಟದಲ್ಲಿ ಕೇಡು ಇನ್ನೊಂದು ರೀತಿಯದು. ಅಲ್ಲಿ ಪ್ಲಾಸ್ಟಿಕ್ಕು ಇಷ್ಟು ಬೇಗ ಒಣಗುವುದಿಲ್ಲ, ಆದರೆ ಅದರ ಹಿಂದಿರುವುದು ಕೊಳೆಯುತ್ತದೆ. ಬಾಗಿಲ ಹೊದಿಕೆಯ ಬೆನ್ನಿಗೆ ಹಾರ್ಡ್‌ಬೋರ್ಡು ಇರುತ್ತದೆ. ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಕಿಟಕಿಯ ಸಂದಿಯಿಂದ ಮಳೆನೀರು ಇಳಿದು ಅದು ಊದಿಕೊಳ್ಳುತ್ತದೆ, ಪದರ ಪದರವಾಗಿ ಬಿಡುತ್ತದೆ. ಕ್ಲಿಪ್ಪುಗಳು ತುಕ್ಕು ಹಿಡಿದು ತಗಡಿನ ತೂತಿಗೆ ಕಚ್ಚಿಕೊಳ್ಳುತ್ತವೆ. ಜಗ್ಗಿದರೆ ಕ್ಲಿಪ್ಪು ಬರುವುದಿಲ್ಲ, ಹಲಗೆಯೇ ಹರಿದು ಕ್ಲಿಪ್ಪು ಅಲ್ಲೇ ಉಳಿಯುತ್ತದೆ. ನಿಮ್ಮೆದುರಿಗಿರುವ ಈ ಬಡಪಾಯಿ ಕಾರಿಗೆ ಎರಡೂ ಕಾಯಿಲೆ ಉಂಟು: ಪ್ರಾಯದಲ್ಲಿ ಮಳೆ ತಿಂದಿದೆ, ಮುಪ್ಪಿನಲ್ಲಿ ಬಿಸಿಲು ತಿಂದಿದೆ.

ಇನ್ನು ಕೆಲಸಕ್ಕೆ ಬರೋಣ. ಉಪಕರಣ ಮುಟ್ಟುವ ಮೊದಲು ಮಾಡಬೇಕಾದ ಒಂದು ಕೆಲಸ ಉಂಟು. ಯಜಮಾನರನ್ನು ಕಾರಿನ ಬಳಿಗೆ ಕರೆಯಿರಿ. ಇಬ್ಬರೂ ಕೂಡಿ ಒಳಗೆಲ್ಲ ನೋಡಿರಿ. ಎಲ್ಲಿ ಬಿರುಕಿದೆ, ಎಲ್ಲಿ ಮೂಲೆ ಹೋಗಿದೆ, ಯಾವ ಮುಚ್ಚಳ ಮೊದಲೇ ಇಲ್ಲ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆಯಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕಾಗದಕ್ಕೆ ಅವರ ಸಹಿ ಹಾಕಿಸಿರಿ. ಇದು ಅಪನಂಬಿಕೆಯ ಮಾತಲ್ಲ. ಕೂಲಿಗಾರನ ಮಾತಿಗೂ ಮಾಲೀಕನ ಮಾತಿಗೂ ತೂಕ ಹಾಕುವಾಗ ತಕ್ಕಡಿ ಯಾವ ಕಡೆಗೆ ವಾಲುತ್ತದೆಂದು ನಾವು ಬಲ್ಲೆವು. ಕಾಗದ ಇದ್ದರೆ ಅದು ಸ್ವಲ್ಪ ನೆಟ್ಟಗಾಗುತ್ತದೆ. ಅದೇ ಕಾಗದದಲ್ಲಿ ಇನ್ನೊಂದು ಮಾತು ಸೇರಿಸಿರಿ: ಇದು ಹಳೆಯ ವಸ್ತು, ಎಷ್ಟು ಜಾಗ್ರತೆ ಮಾಡಿದರೂ ಕೆಲವು ಕಡೆ ಬಿರಿಯಬಹುದು ಎಂದು ಮೊದಲೇ ತಿಳಿಸಲಾಗಿದೆ.

ಸಂಬಳದಲ್ಲಿ ಹಿಡಿಯುವ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಾನು ಹುಡುಗನಾಗಿದ್ದಾಗ ನನಗೆ ಯಾರೂ ಹೇಳಿರಲಿಲ್ಲ. 1936ರ ಸಂಬಳ ಪಾವತಿ ಕಾಯಿದೆಯಲ್ಲಿ ಹೀಗಿತ್ತು: ವಸ್ತು ಹಾಳಾದದ್ದಕ್ಕೆ ಸಂಬಳ ಹಿಡಿಯಬೇಕಾದರೆ ಆ ನಷ್ಟ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ನಷ್ಟದ ಮೊತ್ತಕ್ಕಿಂತ ಹೆಚ್ಚು ಹಿಡಿಯಬಾರದು, ಹಿಡಿಯುವ ಮೊದಲು ಅವನಿಗೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕು. 2019ರ ವೇತನ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ. ತೋಟದಲ್ಲಿ ಟ್ರ್ಯಾಕ್ಟರು, ಪಂಪು, ಜೀಪು ನೋಡಿಕೊಳ್ಳುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು. ಕಾರಣ ಹೇಳಿಕೊಳ್ಳುವ ಅವಕಾಶ ಸಿಕ್ಕಿದಾಗ ಕೈಯಲ್ಲಿ ಆ ಕಾಗದ ಇದ್ದರೆ ಎಷ್ಟು ಬಲ ಎಂದು ನೀವೇ ಯೋಚಿಸಿರಿ.

ಎರಡನೆಯದು, ಹುಡುಕುವುದು. ಒಂದು ಹೊದಿಕೆ ಬಿಚ್ಚಲು ಹತ್ತು ನಿಮಿಷ ಸಾಕು. ಅದನ್ನು ಎಲ್ಲೆಲ್ಲಿ ಕಟ್ಟಿದ್ದಾರೆಂದು ಹುಡುಕಲು ಅರ್ಧ ಗಂಟೆ ಬೇಕು. ನನ್ನ ಅನುಭವದಲ್ಲಿ ಒಡೆದದ್ದರಲ್ಲಿ ಮುಕ್ಕಾಲು ಪಾಲು ಕಾಣದ ಒಂದು ಸ್ಕ್ರೂವಿನಿಂದ ಒಡೆದದ್ದು. ಒಂದು ಟಾರ್ಚು, ಒಂದು ಸಣ್ಣ ಕನ್ನಡಿ ಇಟ್ಟುಕೊಳ್ಳಿರಿ. ಬೂದಿ ತಟ್ಟೆಯನ್ನು ಹೊರಗೆಳೆದು ಅದರ ಹಿಂದೆ ನೋಡಿರಿ. ಕೈದಿಂಬಿನ ಅಡಿಗೆ ಬೆರಳಾಡಿಸಿರಿ; ಸ್ಕ್ರೂಗಳು ಹೆಚ್ಚಾಗಿ ಕೆಳಗಿನಿಂದ ಹಾಕಿರುತ್ತಾರೆ, ಮಣ್ಣು ತುಂಬಿ ತಲೆ ಕಾಣುವುದಿಲ್ಲ. ಸಣ್ಣ ದುಂಡು ಮುಚ್ಚಳ ಕಂಡರೆ ಅದು ಅಂದಕ್ಕೆ ಇಟ್ಟದ್ದಲ್ಲ, ಅದರ ಕೆಳಗೆ ಏನೋ ಇದೆ. ಗ್ಲವ್ ಬಾಕ್ಸಿನ ಒಳಗಡೆ ಮೇಲಿನ ಅಂಚನ್ನು ಮರೆಯಬೇಡಿರಿ. ಹಿಂದೆ ಬೇರೆ ಮೆಕ್ಯಾನಿಕರು ಬಿಚ್ಚಿ ಕ್ಲಿಪ್ಪು ಮುರಿದು, ತಮಗೆ ಕಂಡ ಕಡೆ ಮರದ ಸ್ಕ್ರೂ ಹೊಡೆದಿರುವುದೂ ಉಂಟು. ಆದದರಿಂದ ಪುಸ್ತಕದಲ್ಲಿ ಇಲ್ಲ ಎಂದು ಕಾರಿನಲ್ಲಿಯೂ ಇಲ್ಲ ಎಂದುಕೊಳ್ಳಬಾರದು.

ಕಿಟಕಿ ತಿರುಗಿಸುವ ಹಿಡಿಕೆಯಲ್ಲಿ ಹುಡುಗರು ಬಹಳ ಸೋಲುತ್ತಾರೆ. ಅದನ್ನು ಕೂರಿಸುವ ಬಗೆ ಕಾರಿಂದ ಕಾರಿಗೆ ಬೇರೆ. ಕೆಲವದರಲ್ಲಿ ನಡುವೆ ಸ್ಕ್ರೂ, ಮೇಲೆ ಮುಚ್ಚಳ. ಹಳೆಯ ಇಂಗ್ಲಿಷ್ ಮಾದರಿಗಳಲ್ಲಿ ಹಿಡಿಕೆಯ ಬುಡಕ್ಕೆ ಅಡ್ಡವಾಗಿ ಒಂದು ಸಣ್ಣ ಪಿನ್ನು ಇರುತ್ತದೆ. ಬುಡದಲ್ಲಿರುವ ಬಿಲ್ಲೆಯನ್ನು ಬಾಗಿಲ ಕಡೆಗೆ ಒತ್ತಿ ಹಿಡಿದರೆ ಪಿನ್ನು ಕಾಣುತ್ತದೆ, ಸಣ್ಣ ಮೊಳೆಯಿಂದ ಅದನ್ನು ಆಚೆ ತಳ್ಳಬೇಕು. ಇನ್ನು ಕೆಲವದರಲ್ಲಿ ಕುದುರೆ ಲಾಳದಂಥ ಒಂದು ಸ್ಪ್ರಿಂಗು ಹಿಂದೆ ಅಡಗಿರುತ್ತದೆ. ಅದಕ್ಕೆ ಒಂದು ಸುಲಭ ಉಪಾಯ: ಉದ್ದ ಬಟ್ಟೆಯ ಪಟ್ಟಿಯನ್ನು ಹಿಡಿಕೆಯ ಹಿಂದೆ ಸೇರಿಸಿ, ಬೂಟು ಉಜ್ಜುವವನಂತೆ ಎರಡು ತುದಿ ಹಿಡಿದು ಅತ್ತಿತ್ತ ಎಳೆಯಿರಿ. ಬಟ್ಟೆಯ ನೂಲು ಸ್ಪ್ರಿಂಗಿಗೆ ಸಿಕ್ಕಿ ಅದು ಜಿಗಿದು ಬರುತ್ತದೆ. ಎಲ್ಲಿ ಬಿತ್ತೆಂದು ನೋಡಿಕೊಳ್ಳಲು ಒಬ್ಬರನ್ನು ಕೂರಿಸಿರಿ, ಇಲ್ಲವಾದರೆ ಮಧ್ಯಾಹ್ನವೆಲ್ಲ ನೆಲ ಗುಡಿಸಬೇಕಾಗುತ್ತದೆ.

ಮೂರನೆಯದು ಬಿಸಿ. ಖಡಕ್ ರೊಟ್ಟಿಯನ್ನು ಹಲ್ಲಿಲ್ಲದ ಅಜ್ಜಿಗೆ ಕೊಡುವಾಗ ಮನೆಯಲ್ಲಿ ಏನು ಮಾಡುತ್ತಾರೆ? ನೀರು ಚಿಮುಕಿಸಿ ಬಟ್ಟೆ ಮುಚ್ಚಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಬಗ್ಗುತ್ತದೆ. ಪ್ಲಾಸ್ಟಿಕ್ಕಿಗೆ ನೀರಿನ ಬದಲು ಹದವಾದ ಬಿಸಿ. ನಾನು ಹುಡುಗನಾಗಿ ಒಡೆದದ್ದು ಚಳಿಗಾಲದ ಬೆಳಿಗ್ಗೆ. ಅದೇ ತುಂಡು ಮಧ್ಯಾಹ್ನವಾಗಿದ್ದರೆ ಉಳಿಯುತ್ತಿತ್ತೋ ಏನೋ. ಕಾರನ್ನು ಎಳೆ ಬಿಸಿಲಿಗೆ ನಿಲ್ಲಿಸಿ, ಕೈಯಿಟ್ಟರೆ ಬೆಚ್ಚಗೆ ಹಿತವಾಗುವಷ್ಟು ಕಾದ ಮೇಲೆ ಕೆಲಸಕ್ಕೆ ತೊಡಗಿರಿ. ಮಲೆನಾಡಿನಲ್ಲಿ ಬಿಸಿಲಿಲ್ಲದ ದಿನ ಟವಲನ್ನು ಬಿಸಿನೀರಿಗೆ ಅದ್ದಿ, ಚೆನ್ನಾಗಿ ಹಿಂಡಿ, ಕ್ಲಿಪ್ಪಿರುವ ಜಾಗದ ಮೇಲೆ ಐದು ನಿಮಿಷ ಇಡಿರಿ. ಹಾರ್ಡ್‌ಬೋರ್ಡಿನ ಮೇಲೆ ಮಾತ್ರ ಒದ್ದೆ ಬಟ್ಟೆ ಬೇಡ. ಅಲ್ಲಿಗೆ ಬಿಸಿನೀರು ತುಂಬಿದ ರಬ್ಬರು ಚೀಲ ಒಳ್ಳೆಯದು. ಕೂದಲು ಒಣಗಿಸುವ ಯಂತ್ರವಿದ್ದರೆ ದೂರದಿಂದ ಹಿಡಿಯಬಹುದು. ಬ್ಲೋ ಲ್ಯಾಂಪನ್ನು ಹತ್ತಿರವೂ ತರಬೇಡಿರಿ. ಮೇ ತಿಂಗಳ ನಡು ಮಧ್ಯಾಹ್ನವೂ ಬೇಡ. ಆಗ ಪ್ಲಾಸ್ಟಿಕ್ಕು ಒಡೆಯುವುದಿಲ್ಲ, ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಮತ್ತೆ ನೆಟ್ಟಗಾಗುವುದು ಕಷ್ಟ. ಬಿಸಿ ಮಾಡಿದರೂ ಅದು ಹೊಸತಾಗುವುದಿಲ್ಲ ಎಂಬುದೂ ನೆನಪಿರಲಿ. ಹೋದ ಎಣ್ಣೆ ಹೋಯಿತು. ನಮಗೆ ಸಿಗುವುದು ಒಂದು ಗಳಿಗೆಯ ಸಡಿಲ ಮಾತ್ರ.

ಉಪಕರಣಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ಒಳ್ಳೆ ಬಲಿತ ಬಿದಿರನ್ನು ಸೀಳಿ, ಎರಡು ಬೆರಳಗಲದ ಕಡ್ಡಿ ಮಾಡಿ, ಒಂದು ತುದಿಯನ್ನು ಚಪ್ಪಟೆಯಾಗಿ ಹೆರೆದು, ಗಾಜಿನ ಚೂರಿನಿಂದ ನಯ ಮಾಡಿಕೊಳ್ಳಿರಿ. ನನ್ನ ಚೀಲದಲ್ಲಿ ಇಂಥವು ಎಂಟು ಇವೆ. ಪೇಟೆಯ ಪ್ಲಾಸ್ಟಿಕ್ ಉಪಕರಣವನ್ನು ನಾನು ತಕ್ಕೊಂಡದ್ದುಂಟು, ಬಿದಿರೇ ವಾಸಿ. ಉಕ್ಕಿನ ಸ್ಕ್ರೂಡ್ರೈವರು ಯಾಕೆ ಬೇಡವೆಂದರೆ ಅದರ ತುದಿ ಎಲ್ಲ ಬಲವನ್ನೂ ಸಾಸಿವೆಯಷ್ಟು ಜಾಗಕ್ಕೆ ಹಾಕುತ್ತದೆ. ಬಿದಿರು ಅಗಲಕ್ಕೆ ಹಂಚುತ್ತದೆ, ಹೆಚ್ಚಾದರೆ ತಾನೇ ಬಗ್ಗುತ್ತದೆ.

ಎಬ್ಬುವ ರೀತಿಯನ್ನು ಕಲ್ಲಿನ ಕೆಲಸದವರಿಗೆ ನಾನು ಹೇಳಬೇಕೇ? ತೆಳು ಶಹಾಬಾದ್ ಬಂಡೆಯನ್ನು ಒಂದು ಮೂಲೆ ಹಿಡಿದು ಎತ್ತಿದವರನ್ನು ಮೇಸ್ತ್ರಿ ಎರಡನೇ ದಿನ ಇಟ್ಟುಕೊಳ್ಳುವುದಿಲ್ಲ. ಇಬ್ಬರು ಬೇಕು, ಎರಡು ಕಡೆ ಆಧಾರ ಬೇಕು. ತೋಟದವರಿಗಾದರೆ ಕಾಫಿ ಗಿಡದ ರೆಕ್ಕೆ ಗೊತ್ತು. ಹಣ್ಣು ಕೊಯ್ಯುವಾಗ ತುದಿ ಹಿಡಿದು ಜಗ್ಗಿದರೆ ಬುಡದಲ್ಲಿ ಸೀಳುತ್ತದೆ. ಇಲ್ಲಿಯೂ ಅಷ್ಟೇ. ದೂರದ ಅಂಚನ್ನು ಎಳೆದು ಕ್ಲಿಪ್ಪು ಕಿತ್ತುಬರಲಿ ಎಂದು ಕಾಯಬಾರದು. ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಕ್ಲಿಪ್ಪಿರುವಲ್ಲಿ ಸದ್ದು ಬೇರೆಯಾಗುತ್ತದೆ. ಬಿದಿರ ಕಡ್ಡಿಯನ್ನು ಆ ಕ್ಲಿಪ್ಪಿನ ಪಕ್ಕಕ್ಕೇ ಸೇರಿಸಿ, ಇನ್ನೊಂದು ಕಡ್ಡಿಯನ್ನು ಅದರ ಮತ್ತೊಂದು ಪಕ್ಕಕ್ಕೆ ಸೇರಿಸಿ, ಎರಡನ್ನೂ ಒಟ್ಟಿಗೆ ಅಮುಕಿದರೆ ಕ್ಲಿಪ್ಪು ನೆಟ್ಟಗೆ ಹೊರಗೆ ಬರುತ್ತದೆ. ಒಂದು ಬಂದ ಕೂಡಲೇ ಸಂತೋಷಪಟ್ಟು ಎಳೆಯಬೇಡಿರಿ. ಇನ್ನೊಬ್ಬರು ಹೊದಿಕೆಯನ್ನು ಅಂಗೈಯಲ್ಲಿ ಆತುಕೊಂಡಿರಲಿ, ನೀವು ಮುಂದಿನ ಕ್ಲಿಪ್ಪಿಗೆ ಹೋಗಿರಿ. ಕೊನೆಯ ಕ್ಲಿಪ್ಪಿನ ಮೇಲೆ ಇಡೀ ಹೊದಿಕೆಯ ಭಾರ ಬೀಳುತ್ತದೆ; ಅಲ್ಲಿಯೇ ಹೆಚ್ಚು ಅನಾಹುತ. ಎಲ್ಲ ಬಿಟ್ಟ ಮೇಲೆ ತಕ್ಷಣ ಹೊರಗೆ ಎಳೆಯದೆ ಸ್ವಲ್ಪ ಮೇಲಕ್ಕೆ ಎತ್ತಿ ನೋಡಿರಿ, ಕೆಲವು ಕಾರುಗಳಲ್ಲಿ ಮೇಲಿನ ಅಂಚು ಕಿಟಕಿಯ ತಗಡಿಗೆ ಕೊಕ್ಕೆಯಂತೆ ಕೂತಿರುತ್ತದೆ. ಕೊಳೆತ ಹಾರ್ಡ್‌ಬೋರ್ಡಿನಿಂದ ಕ್ಲಿಪ್ಪು ಬಾರದಿದ್ದರೆ ಹಟ ಬೇಡ. ಸಂದಿಯೊಳಗೆ ಹ್ಯಾಕ್ಸಾ ಬ್ಲೇಡು ತೂರಿಸಿ ಕ್ಲಿಪ್ಪನ್ನೇ ಕತ್ತರಿಸಿರಿ. ಕ್ಲಿಪ್ಪು ಅಂಗಡಿಯಲ್ಲಿ ಸಿಗುತ್ತದೆ.

ಬಿಗಿದ ಸ್ಕ್ರೂಗಳಿಗೆ ಸೀಮೆಎಣ್ಣೆ, ಪೆಟ್ರೋಲು, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ರೂಢಿ ನಮ್ಮಲ್ಲುಂಟು. ಕಬ್ಬಿಣಕ್ಕೆ ಕಬ್ಬಿಣವಾದರೆ ಸರಿ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಹೊಡೆದರೆ, ಮೊದಲೇ ಬಿಗಿತದಲ್ಲಿರುವ ಜಾಗದಲ್ಲಿ ಜೇಡರ ಬಲೆಯಂತೆ ಸಣ್ಣ ಬಿರುಕುಗಳು ಏಳುತ್ತವೆ. ಬೇಕೇ ಬೇಕಾದರೆ ಸೂಜಿಯ ತುದಿಯಲ್ಲಿ ಒಂದು ಹನಿ ಎಣ್ಣೆ, ಸ್ಕ್ರೂವಿಗೆ ಮಾತ್ರ, ಮಿಕ್ಕದ್ದನ್ನು ಒರಸಿಬಿಡಿ. ನನ್ನ ಉಪಾಯ ಬೇರೆ: ಕಾದ ಸೋಲ್ಡರಿಂಗ್ ಐರನ್ನಿನ ಮೂತಿಯನ್ನು ಸ್ಕ್ರೂವಿನ ತಲೆಗೆ ಕೆಲವು ಸೆಕೆಂಡು ತಾಗಿಸಿ, ತೆಗೆದು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸುವುದು. ಹತ್ತರಲ್ಲಿ ಎಂಟು ಬರುತ್ತವೆ.

ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು ಬ್ಯಾಟರಿಯ ತಂತಿ ತೆಗೆಯಿರಿ. ಅದು ಸಡಿಲವಾದ ಮೇಲೂ ಒಂದು ಗೇಣಿಗಿಂತ ಹೆಚ್ಚು ಎಳೆಯಬಾರದು, ಯಾಕಂದರೆ ಹಿಂದಿನಿಂದ ಸ್ಪೀಡೋಮೀಟರಿನ ಕೇಬಲು ಹಿಡಿದಿರುತ್ತದೆ. ಕೈ ತೂರಿಸಿ ಅದರ ದುಂಡು ನಟ್ಟನ್ನು ಬಿಚ್ಚಿ, ತಂತಿಗಳಿಗೆ ಗುರುತಿನ ಚೀಟಿ ಕಟ್ಟಿ, ಆಮೇಲೆ ಹೊರಗೆ ತರಬೇಕು. ಮೊದಲಿನ ಅಂಬಾಸಿಡರುಗಳಲ್ಲಿ ತಗಡು ಹೆಚ್ಚು, ಪ್ಲಾಸ್ಟಿಕ್ಕು ಕಡಿಮೆ; ಅವುಗಳ ಗುಬಟುಗಳನ್ನು ಕಾಪಾಡಿದರೆ ಸಾಕು. ಗಾಜಿನ ಸುತ್ತಲಿನ ರಬ್ಬರಿಗೆ ಸಾಬೂನು ನೀರು ಸವರಿ ಕೈಯಿಂದಲೇ ಬಿಡಿಸಿರಿ. ಮಾಡಿನ ಬಟ್ಟೆಯನ್ನು, ಅದಕ್ಕೇ ಕೆಲಸವಿಲ್ಲದಿದ್ದರೆ, ಮುಟ್ಟಲೇ ಬೇಡಿರಿ.

ಒಂದು ಎಚ್ಚರಿಕೆ. ನಿಂತ ಕಾರಿನ ಒಳಹೊದಿಕೆಯ ಹಿಂದೆ ಇಲಿ ಗೂಡು ಇರುವುದು ಸಾಮಾನ್ಯ. ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರ ಮಲೆನಾಡು ಕರಾವಳಿಗಳಲ್ಲಿ ಪ್ರಾಣ ತೆಗೆದದ್ದುಂಟು. ಕೈಯ ಗಾಯದ ಮೂಲಕ ಅದು ಒಳಗೆ ಬರುತ್ತದೆ. ಮೆಕ್ಯಾನಿಕನ ಕೈಯಲ್ಲಿ ಗಾಯವಿಲ್ಲದ ದಿನ ಯಾವುದು? ಕೈಚೀಲ ಹಾಕಿರಿ, ಮೂಗಿಗೆ ಬಟ್ಟೆ ಕಟ್ಟಿರಿ, ಗೂಡನ್ನು ಒಣಗಿದಂತೆಯೇ ಗುಡಿಸದೆ ಬ್ಲೀಚಿಂಗ್ ನೀರು ಚಿಮುಕಿಸಿ ತೆಗೆಯಿರಿ. ಕತ್ತಲಿಗೆ ಕೈ ಹಾಕುವ ಮೊದಲು ಟಾರ್ಚು ಬಿಡಿ. ಇಲಿ ಇದ್ದಲ್ಲಿಗೆ ಅದನ್ನು ಹುಡುಕಿಕೊಂಡು ಬರುವವನೂ ಇರುತ್ತಾನೆ.

ಬಿರುಕು ಮೊದಲೇ ಇದ್ದರೆ ಬಿಚ್ಚುವ ಮೊದಲು ಅದಕ್ಕೆ ಪಟ್ಟಿ ಹಚ್ಚಿರಿ. ಆ ಅಂಟು ಬಣ್ಣವನ್ನು ಕಿತ್ತೀತೋ ಎಂದು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿರಿ. ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಅಲ್ಲಿ ಒಂದೂವರೆ ಮಿಲಿಮೀಟರಿನ ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಬಿಚ್ಚಿದ ಮೇಲೆ ಬೆನ್ನ ಕಡೆಯಿಂದ ತೆಳು ಬಟ್ಟೆಗೆ ಅರಲ್ಡೈಟು ಸವರಿ ಕೂರಿಸಿದರೆ ಮುಂದಿನಿಂದ ಗೆರೆ ಮಾತ್ರ ಕಾಣುತ್ತದೆ. ಬಿಚ್ಚಿದ ಭಾಗಗಳನ್ನು ನೆರಳಲ್ಲಿ, ಸಮ ನೆಲದ ಮೇಲೆ, ಮಲಗಿಸಿ ಇಡಿರಿ. ಗೋಡೆಗೆ ಒರಗಿಸಿದರೆ ಎರಡು ದಿನದಲ್ಲಿ ಬಾಗುತ್ತದೆ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿರಿ. ರಟ್ಟಿನ ಮೇಲೆ ಬಾಗಿಲ ಚಿತ್ರ ಬರೆದು, ಎಲ್ಲಿಯದನ್ನು ಅಲ್ಲಿಗೇ ಚುಚ್ಚಿರಿ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಮರಳಿ ಜೋಡಿಸುವಾಗ ಬಿರುಕು ಗ್ಯಾರಂಟಿ. ಜೋಡಿಸುವಾಗ ಎಲ್ಲವನ್ನೂ ಕೈಬೆರಳಿನಿಂದ ಕೂರಿಸಿ, ಕೊನೆಗೆ ಒಂದೊಂದನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅಲುಗಾಡದಿದ್ದರೆ ಸಾಕು.

ಇಷ್ಟು ಶ್ರಮಕ್ಕೆ ಕೂಲಿ ಯಾರು ಕೊಡುತ್ತಾರೆ ಎಂದು ಆಗಲೇ ಒಬ್ಬ ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ಹಳೆಯ ಕಾರುಗಳಿಗೆ ಈಗ ಮರ್ಯಾದೆ ಬಂದಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದವರು ಅಲ್ಲಿಯ ಕಾರುಗಳ ಸಾಲನ್ನು ನೋಡಿರಬಹುದು. 50 ವರ್ಷ ದಾಟಿ ಮೂಲ ರೂಪದಲ್ಲಿಯೇ ಉಳಿದ ವಾಹನಗಳನ್ನು ಬೇರೆಯಾಗಿ ನೋಂದಾಯಿಸಲು ಸರ್ಕಾರ 2021ರಲ್ಲಿ ನಿಯಮ ಮಾಡಿದೆ. ಮೂಲ ಹೊದಿಕೆ ಉಳಿಸಿಕೊಡುವ ಕೈಗಳು ಬೇಕಾಗಿವೆ, ಸಿಗುವುದು ಕಡಿಮೆ. ಆದರೆ ಕೆಲಸಕ್ಕೆ ಬೆಲೆ ಹೇಳುವಾಗ ಬಾಗಿಲಿಗೆ ಇಷ್ಟು ಎಂದು ಹೇಳಬೇಡಿರಿ, ದಿನಕ್ಕೆ ಇಷ್ಟು ಎಂದು ಹೇಳಿರಿ. ಬಾಗಿಲಿಗೆ ಇಷ್ಟು ಎಂದು ಒಪ್ಪಿಕೊಂಡವನಿಗೆ ಅವಸರವಾಗುತ್ತದೆ. ಅವಸರದಲ್ಲಿ ಕೈಗೆ ಮೊದಲು ಸಿಗುವುದು ಸ್ಕ್ರೂಡ್ರೈವರು.

ಇಷ್ಟೆಲ್ಲ ಮಾಡಿಯೂ ಒಡೆದರೆ? ಒಡೆಯುತ್ತದೆ; ಹೋದ ವರ್ಷ ನನ್ನ ಕೈಯಲ್ಲೇ ಒಡೆಯಿತು. ಚೂರುಗಳನ್ನೆಲ್ಲ, ಅಕ್ಕಿಕಾಳಿನಷ್ಟಿದ್ದರೂ, ಹೆಕ್ಕಿ ಬೆಂಕಿಪೊಟ್ಟಣದಲ್ಲಿಡಿರಿ. ಅದೇ ಗಳಿಗೆಯಲ್ಲಿ ಯಜಮಾನರಿಗೆ ತಿಳಿಸಿರಿ, ಸಂಜೆಯವರೆಗೆ ಕಾಯಬೇಡಿರಿ.

ಈ ಅಮ್ಮನವರ ಜೊತೆ ನಾನು ಬೆಳಿಗ್ಗೆಯೇ ಕಾರೆಲ್ಲ ನೋಡಿದ್ದೇನೆ. ಹನ್ನೊಂದು ಬಿರುಕು ಬರೆದಿದ್ದೇವೆ, ಅವರು ಹೆಬ್ಬೆಟ್ಟು ಒತ್ತಿದ್ದಾರೆ. ಅವರು ಕೇಳಿದ್ದು ಒಂದೇ: ಹಿಂದಿನ ಎಡಬಾಗಿಲಿನ ಕೈದಿಂಬು ಸವೆದಿದ್ದರೂ ಅದನ್ನು ಬದಲಿಸಬಾರದು. ಈಗ ಬಿಸಿಲು ಆ ಬಾಗಿಲಿಗೆ ಬಂದು ಅರ್ಧ ಗಂಟೆಯಾಯಿತು, ಕೈಯಿಟ್ಟರೆ ಬೆಚ್ಚಗಿದೆ. ಇಬ್ಬರು ಮುಂದೆ ಬನ್ನಿ. ಒಬ್ಬರು ಟಾರ್ಚು ಹಿಡಿಯಿರಿ, ಇನ್ನೊಬ್ಬರು ಅಂಗೈ ಕೊಡಿರಿ.